ಎಂಟನೆಯ ಕಾಲು

ಹೊಳಲ್ಕೆರೆ
ಶೋಭಕೃತ್ ಸಂವತ್ಸರ, ಕಾರ್ತಿಕ ಬಹುಳ, ಸೋಮವಾರ
ತಾರೀಖು 9-11-1903

ನಮ್ಮ ಮನೆಯವರಿಗೆ ಕೊಟ್ರಮ್ಮನ ಶರಣು.

ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯದೆ ವಿಧಿಯಿಲ್ಲ, ಬರೆದಿದ್ದೇನೆ. ಒಳಗೆ ಬರೆಯುವುದಿಲ್ಲ. ನಾವೆಲ್ಲರೂ ಕ್ಷೇಮ. ಇದಾದ ಮೇಲೆ ಜೇಡವೂ ಕ್ಷೇಮ ಎಂದು ಬರೆಯುವುದು ಐದು ತಿಂಗಳಿನಿಂದ ಬಂದ ರೂಢಿ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜ. ಅದನ್ನು ಹೇಳುವುದಕ್ಕೇ ಈ ಕಾಗದ.

ನಿಮ್ಮ ಕಾಗದ ಶನಿವಾರ ಬಂತು. ನೀವು ಬರುವ ಶುಕ್ರವಾರ ಬೆಳಿಗ್ಗೆ ಮಾರಿಕಣಿವೆಯಿಂದ ಹೊರಟು, ನಿಮ್ಮ ಇಂಜಿನಿಯರ್ ದೊರೆಯ ಜೊತೆಗೆ ಭಾನುವಾರದ ಹೊತ್ತಿಗೆ ಹೊಳಲ್ಕೆರೆ ಮುಟ್ಟುತ್ತೀರಿ. ಪೊರೆ ಬಿಟ್ಟಾಗ ಜೇಡಕ್ಕೆ ಬಂದ ಹೊಸ ಕಾಲನ್ನು ದೊರೆ ತಮ್ಮ ಕೈಯಿಂದಲೇ ಅಳೆದು, ಆ ಸಂಗತಿಯನ್ನು ನಿಮ್ಮ ಹೆಸರಿನೊಂದಿಗೆ ಬೊಂಬಾಯಿ ಕಡೆಯ ಒಂದು ಪತ್ರಿಕೆಗೆ ಕಳಿಸುತ್ತಾರೆ ಎಂದು ಬರೆದಿದ್ದೀರಿ. 'ನಾನು ಕೂತು ನೋಡಿದ್ದಕ್ಕೆ ಬೆಲೆಯಿದೆ ಎಂದು ಒಬ್ಬರು ಹೇಳಿದ್ದು ಇದೇ ಮೊದಲು' ಎಂದೂ ಬರೆದಿದ್ದೀರಿ. ಆ ಸಾಲು ಓದಿದಾಗಿನಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ.

ಸುತ್ತಿ ಬಳಸುವುದಿಲ್ಲ. ಜಾಡಿಯಲ್ಲಿರುವುದು ನೀವು ಬಿಟ್ಟುಹೋದ ಜೇಡವಲ್ಲ. ನಿಮ್ಮದು ಓಡಿಹೋಯಿತು. ಇದು ಬೇರೆ. ಇದಕ್ಕೆ ಸಿಕ್ಕಿದ ದಿನದಿಂದಲೂ ಎಂಟು ಕಾಲು, ಎಂಟೂ ಹುಟ್ಟಿನಿಂದ ಬಂದವು. ಎಡಗಡೆಯ ಮೂರನೆಯ ಕಾಲು ಹೊಸದಾಗಿ ಚಿಗುರಿತು, ಮಿಕ್ಕವಕ್ಕಿಂತ ಗೋಧಿಕಾಳಿನಷ್ಟು ಗಿಡ್ಡವಿದೆ ಎಂದು ನಾನು ಬರೆದದ್ದು ಸುಳ್ಳು. ದೊರೆಯನ್ನು ಕರೆತರಬೇಡಿ. ನಿಮ್ಮ ಹೆಸರಿನಲ್ಲಿ ಆ ಸುಳ್ಳು ಅಚ್ಚಾಗುವುದು ಬೇಡ.

ಇಷ್ಟಕ್ಕೆ ಕಾಗದ ಮಡಿಸಿದ್ದೆ. ಮಡಿಸಿ ಬಿಚ್ಚಿದೆ. ಯಾಕೆ ಹೀಗೆ ಮಾಡಿದೆ ಎಂದು ನೀವು ಕೇಳುತ್ತೀರಿ, ಅಥವಾ ಕೇಳದೆ ಸುಮ್ಮನಾಗುತ್ತೀರಿ. ಎರಡನೆಯದಕ್ಕೆ ನನಗೆ ಹೆಚ್ಚು ಭಯ.

ಇಲ್ಲಿ ಮನೆ ಮನೆಯಾಗಿಲ್ಲ. ಅಪ್ಪ ನಿಮ್ಮ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಅಂದಿನಿಂದ ನಮ್ಮ ಮಂಡಿ ಅಂಗಡಿಗೆ ಕಾಲಿಟ್ಟವರಿಗೆಲ್ಲ, "ನಮ್ಮ ಮರುಳಸಿದ್ದಪ್ಪನ ಜ್ಯಾಡ ನೋಡಾಕೆ ದೊರೆ ಬರ್ತಾನೆ ಕಣ್ರಪ್ಪ, ಕುದುರೆ ಮ್ಯಾಲೆ" ಎನ್ನುತ್ತಾರೆ. ಹೆಸರು ಅವರ ಬಾಯಿಯದು, ಅದಕ್ಕೆ ಬರೆದೆ. ನಿಮ್ಮನ್ನು ಹೆಸರು ಹಿಡಿದು 'ನಮ್ಮ' ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಅಮಲ್ದಾರ್ ಕಚೇರಿಯ ಇಬ್ಬರಿಗೂ ಶಾಲೆಯ ಮೇಷ್ಟರಿಗೂ ಊಟಕ್ಕೆ ಹೇಳಿ ಬಂದಿದ್ದಾರೆ. ಪಡಸಾಲೆಗೆ ಸುಣ್ಣ, ಉಗ್ರಾಣಕ್ಕೆ ಸುಣ್ಣ, ದನದ ಕೊಟ್ಟಿಗೆಗೂ ಸುಣ್ಣ. ದೊರೆ ಜೇಡ ನೋಡಲು ಬರುತ್ತಾರೆಂದು ಮನೆಯಲ್ಲಿದ್ದ ಜೇಡಗಳನ್ನೆಲ್ಲ ಪೊರಕೆಯಿಂದ ಹೊಡೆಸಿಬಿಟ್ಟರು. ಮಂಡಿ ಗುಡಿಸುವ ಬೋರಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಮದ್ಲಿಂಗನ್ನ ನೋಡಾಕೆ ಜನ ಬರ್ತಾರೆ ಅಂತ ಬೀಗ್ರನ್ನೆಲ್ಲ ಹೊಡ್ದಾಕ್ಸಿದಂಗಾತಲ್ಲ ಸಾವ್ಕಾರ್ರೇ" ಎಂದಳು. ಅಪ್ಪ, "ಮೊದ್ಲು ನಿನ್ ಬಾಯಿಗೆ ಬಳೀಬೇಕು ಸುಣ್ಣನ" ಎಂದು ಗದರಿ ತಾವೇ ನಕ್ಕರು.

ಅವರಿಗೆ ನಾನು ಇನ್ನೂ ಏನೂ ಹೇಳಿಲ್ಲ. ಸುಣ್ಣದ ನೀರು ಜಾಡಿಗೆ ಸಿಡಿಯಬಾರದೆಂದು ಬೆಳಗಿನಿಂದ ಮೂರು ಸಲ ಅದರ ಜಾಗ ಬದಲಿಸಿದ್ದೇನೆ. ಈಗ ಮತ್ತೆ ಕರೆಯುತ್ತಿದ್ದಾರೆ.

ಅದೇ ದಿನ, ಸಂಜೆ

ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಆದರೆ ಅದು ನನಗೆ ಹೇಗಾಯಿತು ಎಂಬುದು ನಿಮಗೆ ಗೊತ್ತಿಲ್ಲ.

ಜ್ಯೇಷ್ಠ ಮಾಸದ ಆ ಬೆಳಿಗ್ಗೆ ಉಗ್ರಾಣದಲ್ಲಿ ನಿಮ್ಮ ಜೇಡ ಜಿರಳೆ ಹಿಡಿಯುವುದನ್ನು ನೋಡುತ್ತಾ ನೀವು ದುರ್ಗಕ್ಕೆ ಹೋಗಬೇಕಾದ ಮಂಡಿಯ ಸರಕಿನ ಗಾಡಿಯನ್ನು ಹೊಸದುರ್ಗದ ದಾರಿಗೆ ಕಳಿಸಿಬಿಟ್ಟಿರಿ. ಹುಣಸೆಹಣ್ಣಿನ ಮೂಟೆಗಳ ಹಿಂದಿನ ಗೋಡೆಯಿಂದ ಹಿಡಿದ ಆ ಏಳು ಕಾಲಿನ ಜೇಡ ಅಂಗಡಿಯ ಪೆಪ್ಪರಮಿಂಟ್ ಜಾಡಿಗೆ ಬಂದು ಆಗಲೇ ಮೂರು ತಿಂಗಳಾಗಿತ್ತು. ಬಾಯಿಗೆ ಮಲ್ಲು ಬಟ್ಟೆ ಕಟ್ಟಿ, ಒಳಗೆ ಒಂದು ತುಂಡು ತೊಗಟೆ, ಒದ್ದೆ ಹತ್ತಿ ಇಟ್ಟು ನೀವು ಅದರ ಮುಂದೆ ಕುಳಿತರೆ ಕರೆದದ್ದು ಕೇಳಿಸುತ್ತಿರಲಿಲ್ಲ. ಹಳೆಯ ಪಂಚಾಂಗದ ಅಂಚಿನಲ್ಲಿ 'ಇಂದು ತಿಂದಿಲ್ಲ', 'ಇಂದು ನೀರು ಕುಡಿಯಿತು' ಎಂದು ಬರೆಯುತ್ತಿದ್ದಿರಿ. ಮದುವೆಯಾಗಿ ಆರು ವರ್ಷದಲ್ಲಿ ನಾನು ಉಂಡೆನೋ ಬಿಟ್ಟೆನೋ ಎಂಬುದು ಯಾವ ಪಂಚಾಂಗದಲ್ಲೂ ಇಲ್ಲ. ಇದನ್ನು ಜಗಳಕ್ಕೆ ಬರೆಯುತ್ತಿಲ್ಲ. ಇತ್ತು, ಅದಕ್ಕೆ ಬರೆದೆ.

ಅಂದು ಅಪ್ಪ ಮಂಡಿಯಲ್ಲಿ ಎಂಟು ಹತ್ತು ಜನರ ಮುಂದೆ ಅಂದದ್ದು ನನಗೆ ಅಕ್ಷರಕ್ಷರ ನೆನಪಿದೆ. "ಮನೆ ಅಳಿಯ ಅಂತ ತಂದೆ, ಮಂಡಿ ನೋಡ್ಕಂತಾನೆ ಅಂತ. ಮಂಡಿ ನಾನೇ ನೋಡ್ಕಂತೀನಿ, ಇವ್ನು ಜ್ಯಾಡ ನೋಡ್ಕಂತಾನೆ. ಯಾರಿಗಾದ್ರೂ ಜ್ಯಾಡ ಬೇಕೇನ್ರಪ್ಪ? ಅಳಿಯನ್ನೂ ಸೇರ್ಸಿ ಕೊಟ್ಬುಡ್ತೀನಿ." ಅದಕ್ಕೆ ಬಾಗೂರಿನ ಪಾಪಣ್ಣ, "ಅಳಿಯ ಬ್ಯಾಡ ಸಾವ್ಕಾರ್ರೇ, ದಿನಕ್ಕೆ ಮೂರೂಟ. ಜ್ಯಾಡ ಆದ್ರೆ ನಾಕ್ ದಿನಕ್ಕೆ ಒಂದೇ" ಎಂದ.

ನಾನು ಮಜ್ಜಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಕ್ಕೆ. ಬೇರೆ ಏನನ್ನೋ ನೆನೆದು ನಗು ಬಂತು ಎಂದು ಹೇಳಬಹುದು. ಐದು ತಿಂಗಳು ನನಗೆ ನಾನೇ ಹಾಗೆ ಹೇಳಿಕೊಂಡಿದ್ದೇನೆ. ಪಾಪಣ್ಣನ ಮಾತಿಗೇ ನಕ್ಕೆ. ನೀವು ಅಪ್ಪನನ್ನು ನೋಡಲಿಲ್ಲ, ಪಾಪಣ್ಣನನ್ನು ನೋಡಲಿಲ್ಲ. ನನ್ನನ್ನು ನೋಡಿದಿರಿ. ಮಜ್ಜಿಗೆ ತೆಗೆದುಕೊಂಡು ಕುಡಿದು, ಲೋಟ ನನ್ನ ಕೈಗೇ ಕೊಟ್ಟಿರಿ. ಮಾರನೆಯ ದಿನ ಬೆಳಗಾದಾಗ ನೀವಿರಲಿಲ್ಲ. ಕಿಟಕಿಯಲ್ಲಿ ಜಾಡಿಯಿತ್ತು, ಅದರ ಕೆಳಗೆ ಒಂದು ಚೀಟಿ. ನಾಲ್ಕು ದಿನಕ್ಕೊಂದು ಜಿರಳೆ. ದೊಡ್ಡದಾದರೆ ಆರು ದಿನಕ್ಕೆ. ಹತ್ತಿ ಒಣಗಬಾರದು. ಬಿಸಿಲು ತಾಕಬಾರದು. ಹೀಗೆ ಹನ್ನೊಂದು ಸಾಲು. ಮಾರಿಕಣಿವೆಯ ಕಟ್ಟೆ ಕೆಲಸದಲ್ಲಿ ಕೂಲಿಯವರ ಹಾಜರಿ ಬರೆಯಲು ಸೇರಿದ್ದೀರಿ ಎಂಬುದು ಇಪ್ಪತ್ತು ದಿನದ ಮೇಲೆ ನಿಮ್ಮ ಮೊದಲ ಕಾಗದದಿಂದ ತಿಳಿಯಿತು. ಅದರಲ್ಲಿ ನನಗೆಂದು ಇದ್ದದ್ದು ಒಂದೇ ಪ್ರಶ್ನೆ. 'ಅದು ಕ್ಷೇಮವೇ? ತಿನ್ನುತ್ತಿದೆಯೇ?'

ಅಷ್ಟು ಹೊತ್ತಿಗೆ ಜಾಡಿ ಖಾಲಿಯಾಗಿತ್ತು.

ಖಾಲಿ ಎಂದು ಬರೆದರೆ ಎರಡನೆಯ ಕಾಗದ ಬರುತ್ತದೆಯೇ? ನೀವೇ ಹೇಳಿ. ನಾನು ಆ ಕಾಗದವನ್ನು ಹಿಡಿದುಕೊಂಡು ಅಂಗಳದಿಂದ ಹಿತ್ತಲಿಗೆ, ಹಿತ್ತಲಿಂದ ಅಂಗಳಕ್ಕೆ ಎಷ್ಟು ಸಲ ತಿರುಗಿದೆನೋ. ಕೊನೆಗೆ ಬೋರಕ್ಕನಿಗೆ ಹೇಳಿದೆ. ಅವಳು ಎರಡೇ ದಿನದಲ್ಲಿ ಕೊಟ್ಟಿಗೆಯ ತೊಲೆಯಿಂದ ಅದೇ ಜಾತಿಯದನ್ನು, ಅದೇ ಬೂದು ಬಣ್ಣದ್ದನ್ನು, ತಂಬಿಗೆ ಕವುಚಿ ಹಿಡಿದು ತಂದಳು. ನಾನು ಕಾಲು ಎಣಿಸಿದೆ. ಎಂಟು. ಬೋರಕ್ಕ, "ಒಂದ್ ಕಾಲ್ ಕಿತ್ರಾತು ಬುಡವ್ವ, ಏಳು ಉಳಿತಾವೆ. ನಂಗೆ ಎರ್ಡರಾಗೆ ಈ ವಯಸ್ಸಿನ್ಗಂಟ ನಡೀಲಿಲ್ವ?" ಎಂದಳು. ಇಕ್ಕಳ ತಂದುಕೊಟ್ಟಳು. ಹಿಡಿದೆ. ಜೇಡ ಮುಂದಿನ ಎರಡು ಕಾಲನ್ನು ಎತ್ತಿತು, ನನ್ನನ್ನು ತಡೆಯುವಂತೆ. ಇಕ್ಕಳ ಕೆಳಗಿಟ್ಟೆ. 'ಕ್ಷೇಮ, ತಿನ್ನುತ್ತಿದೆ' ಎಂದು ಬರೆದೆ. ಅದು ಸುಳ್ಳಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಗೌರಿ ಹಬ್ಬಕ್ಕೆ ಎರಡು ದಿನ ರಜೆ ಕೇಳಿದ್ದೇನೆ, ಬಂದು ನೋಡಿ ಹೋಗುತ್ತೇನೆ ಎಂದು ಬರೆದಿರಿ. ಯಾರನ್ನು ನೋಡಿ ಎಂದು ಬರೆದಿರಲಿಲ್ಲ. ನೀವು ಬರುತ್ತೀರಿ ಎಂದು ಒಂದು ಗಳಿಗೆ ಸಂತೋಷಪಟ್ಟೆ. ಮರುಗಳಿಗೆ ಎಂಟು ಕಾಲು ನೆನಪಾಯಿತು. ಅದಕ್ಕೇ ಆ ಕಾಗದ ಬರೆದೆ: ಹಾವಿನಂತೆ ಪೊರೆ ಬಿಟ್ಟಿತು, ಬೆಳಿಗ್ಗೆ ಅವರೆಕಾಯಿ ಸಿಡಿದಂತೆ ಬೆನ್ನು ಸೀಳಿತು, ಹೊರಬಂದಾಗ ಹೋದ ಕಾಲು ಬಂದಿತ್ತು. ಅವರೆಕಾಯಿ ಎಂಬುದನ್ನು ಒಲೆಯ ಮುಂದೆ ಕೂತು ಯೋಚಿಸಿದೆ. ನಿಮಗೆ ರಜೆ ಸಿಗಲಿಲ್ಲ. ಆದರೆ ಉತ್ತರ ನಾಲ್ಕೇ ದಿನದಲ್ಲಿ ಬಂತು, ಮೂರು ಹಾಳೆ! ಮೊದಲು ಯಾವತ್ತೂ ಅರ್ಧ ಹಾಳೆ ದಾಟಿರಲಿಲ್ಲ. ಹೊಸ ಕಾಲು ಗಿಡ್ಡವೋ ಎಂದು ಕೇಳಿದಿರಿ, ಹೌದೆಂದೆ. ಎಷ್ಟು ಎಂದು ಕೇಳಿದಿರಿ, ಗೋಧಿಕಾಳಿನಷ್ಟು ಎಂದೆ. ಬಣ್ಣ ತಿಳಿಯೋ ಎಂದಿರಿ, ತಿಳಿ ಎಂದೆ. ನೀವು ಕೇಳಿದ್ದರಲ್ಲೇ ಉತ್ತರವಿರುತ್ತಿತ್ತು. ನಾನು ಎತ್ತಿಕೊಟ್ಟೆ, ಅಷ್ಟೆ. ನೀವು ಅದನ್ನು ದೊರೆಯ ಮುಂದೆ ಇಡುತ್ತೀರಿ, ಅಂಥದ್ದು ಆಗುವುದುಂಟು ಎಂದು ಅವರು ಹೇಳುತ್ತಾರೆ ಎಂದು ನನಗೆ ಹೇಗೆ ಗೊತ್ತು?

ಮಂಗಳವಾರ

ಮಸಿ ಇಲ್ಲ, ಸೀಸದ ಕಡ್ಡಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಡೊಂಕಾಗಿದ್ದರೆ ಕ್ಷಮಿಸಿ.

ನಿನ್ನೆ ದೀಪ ಹಚ್ಚುವ ಹೊತ್ತಿನಲ್ಲಿ ಅಪ್ಪನಿಗೆ ಹೇಳಿಬಿಟ್ಟೆ. ಅವರ ಕೈಯಲ್ಲಿ ಸುಣ್ಣದ ಕುಂಚವಿತ್ತು. ಆಳುಗಳು ಬಳಿದದ್ದು ಸರಿಯಿಲ್ಲವೆಂದು ಕಿಟಕಿಯ ಸಂದಿಯನ್ನು ತಾವೇ ಬಳಿಯುತ್ತಿದ್ದರು. ಮೊದಲು ಅರ್ಥವಾಗಲಿಲ್ಲ. "ಅಲ್ಲ ಕಣವ್ವ, ಒಂದ್ ಕಾಲು ಹೆಚ್ಚಾದ್ರೇನು ಕಮ್ಮಿ ಆದ್ರೇನು, ದೊರೆ ಎಣಿಸ್ತಾ ಕುಂತ್ಕಂತಾನಾ?" ಎಂದರು. ಎಣಿಸುವುದಷ್ಟೇ ಅಲ್ಲ, ಅಳೆಯುತ್ತಾರೆ, ಅಳೆದು ಅಚ್ಚು ಹಾಕಿಸುತ್ತಾರೆ, ಸುಳ್ಳೆಂದು ತಿಳಿದರೆ ನಿಮ್ಮನ್ನು ಸುಳ್ಳ ಎನ್ನುತ್ತಾರೆ ಎಂದೆ. ಆಗ ಕುಂಚ ಕೆಳಗಿಟ್ಟರು. ಮೇಷ್ಟರಿಗೆ ಹೇಳಿಬಂದದ್ದನ್ನು, ಊಟಕ್ಕೆ ಕರೆದದ್ದನ್ನು ಎತ್ತಿ ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. "ಅವತ್ತು ನಾನಂದಿದ್ದು ಅವ್ನಿಗೆ ಅಷ್ಟು ತಾಕ್ತೇನು?" ಎಂದು ಕೇಳಿದರು. ಅವರ ಮಾತು ತಾಕಲಿಲ್ಲ, ನನ್ನ ನಗು ತಾಕಿತು ಎಂದೆ. "ನಗಿಸಿದೋನು ನಾನಲ್ವ" ಎಂದು ಹೇಳಿ ಹಿತ್ತಲಿಗೆ ಹೋಗಿ ಕೈ ತೊಳೆದರು. ಬರುವವರಿಗೆಲ್ಲ ದೊರೆಗೆ ಜ್ವರವೆಂದು ಹೇಳುತ್ತಾರಂತೆ. ಇನ್ನೊಂದು ಸುಳ್ಳು. ಅದು ಅವರದು, ನಾನು ಅಡ್ಡ ಹೋಗಲಿಲ್ಲ.

ಈಗ ನಿಜವಾಗಿ ನಡೆದದ್ದನ್ನು ಬರೆಯುತ್ತೇನೆ. ದೊರೆಗೆ ಇದನ್ನು ತೋರಿಸಬಹುದು.

ನಿಮ್ಮ ಜೇಡವನ್ನು ನಾನು ಒಂದು ದಿನವೂ ನೋಡಿರಲಿಲ್ಲ, ಕಣ್ಣಿಗೆ ಬಿದ್ದಿತ್ತು ಅಷ್ಟೆ. ಈ ಎರಡನೆಯದನ್ನು ನೋಡಿದ್ದೇನೆ. ಮೊದಲು ನಿಮಗೆ ಏನಾದರೂ ಬರೆಯಬೇಕಲ್ಲ ಎಂದು ನೋಡುತ್ತಿದ್ದೆ. ಬರಬರುತ್ತಾ ಆ ನೆಪ ಬೇಡವಾಯಿತು. ಮುಂಜಾನೆ ಸ್ನಾನಕ್ಕೆ ಮುಂಚೆ ಒಲೆಯ ಹಿಂದಿನಿಂದ ಜಿರಳೆ ಹಿಡಿದು ಹಾಕಿ, ಆಮೇಲೆ ಮೈ ತೊಳೆದು ಲಿಂಗಪೂಜೆಗೆ ಕೂರುತ್ತೇನೆ. ಅವ್ವ ಮೊದಲ ತಿಂಗಳು, "ಲಿಂಗ ಹಿಡಿಯೋ ಕೈಲಿ ಜಿರ್ಲೆ ಹಿಡೀತೀಯಲ್ಲೇ, ಇರುವೆ ಗೂಡಿಗೆ ಸಕ್ರೆ ಹಾಕೋ ವಂಶ ನಮ್ದು" ಎಂದು ನಾನು ಬಡಿಸಿದ್ದನ್ನು ಉಣ್ಣಲಿಲ್ಲ. ಅವಳ ಮಾತು ತಪ್ಪೆಂದು ನನಗೆ ಈಗಲೂ ಹೇಳಲು ಬರುವುದಿಲ್ಲ. ಒಂದು ಜೀವ ಉಳಿಸಲು ಇನ್ನೊಂದನ್ನು ನಾನೇ ಹಿಡಿದು ಕೊಡುತ್ತೇನೆ. ಪೂಜೆಯಲ್ಲಿ ಕೂತಾಗ ಆ ಜಿರಳೆಯ ಕಾಲು ಬೆರಳಿಗೆ ಒತ್ತಿದ್ದು ನೆನಪಾಗುತ್ತದೆ. ಅದನ್ನೂ ಪಂಚಾಂಗದ ಅಂಚಿನಲ್ಲಿ ಬರೆದಿದ್ದೇನೆ. ನಿಮ್ಮ ಬರಹ ನಿಂತ ತಿಥಿಯ ಕೆಳಗಿನಿಂದಲೇ ನನ್ನದು ಶುರುವಾಗಿದೆ.

ದೀಪಾವಳಿಗೆ ಹತ್ತು ದಿನ ಮುಂಚೆ ಅದು ತಿನ್ನುವುದು ಬಿಟ್ಟಿತು. ಹಾಕಿದ ಜಿರಳೆ ಅದರ ಕಾಲ ಸಂದಿಯಲ್ಲೇ ಓಡಾಡಿದರೂ ಹಿಡಿಯಲಿಲ್ಲ. ಸಾಯುತ್ತದೆ ಎಂದು ತಿಳಿದು ಜಿರಳೆಯನ್ನು ತೆಗೆದುಬಿಟ್ಟೆ. ಐದನೆಯ ದಿನ ನಡುಹಗಲಲ್ಲಿ ನೋಡುತ್ತೇನೆ, ತೊಗಟೆಗೆ ತಲೆಕೆಳಗಾಗಿ ಜೋತುಬಿದ್ದಿದೆ. ಬೆನ್ನು ಅವರೆಕಾಯಿಯಂತೆ ಸೀಳುವುದಿಲ್ಲ. ತಲೆಯ ಮೇಲಿನ ಗಟ್ಟಿ ಸಿಪ್ಪೆ ಭರಣಿಯ ಮುಚ್ಚಳದಂತೆ ಮುಂದಿನಿಂದ ಎದ್ದುಕೊಳ್ಳುತ್ತದೆ. ಆಮೇಲೆ ಕಾಲುಗಳು. ಬಳೆಗಾರ್ತಿಯ ಹತ್ತಿರ ಕೂತು ಬಿಗಿ ಬಳೆಯಿಂದ ಕೈ ಎಳೆದುಕೊಳ್ಳುತ್ತೇವಲ್ಲ, ಹಾಗೆ ಎಂಟನ್ನೂ ಒಟ್ಟಿಗೆ ಸ್ವಲ್ಪ ಎಳೆದು, ನಿಂತು, ಮತ್ತೆ ಎಳೆದು. ಒಂದು ಗಂಟೆಗಿಂತ ಹೆಚ್ಚು ಹಿಡಿಯಿತು. ಒಲೆಯ ಮೇಲೆ ಬೇಳೆ ಸೀದು ಹೋಯಿತು, ಅವ್ವ ಕೂಗಿದಳು, ನನಗೆ ಕೇಳಿಸಲಿಲ್ಲ. ಹೊರಬಂದದ್ದು ಹಾಲಿನ ಕೆನೆಯ ಬಣ್ಣದ್ದು, ಮೆತ್ತಗೆ, ತನ್ನ ಕಾಲಿನ ಮೇಲೆ ತಾನೇ ನಿಲ್ಲಲಾರದ್ದು. ಮೂರು ದಿನ ಅಲುಗಲಿಲ್ಲ. ನಾಲ್ಕನೆಯ ದಿನ ಬೂದು ಬಣ್ಣ ಬಂದು, ಐದನೆಯ ದಿನ ಜಿರಳೆ ಹಿಡಿಯಿತು.

ಅವ್ವ ಕೂಗಿದ್ದು ಕೇಳಿಸಲಿಲ್ಲ ಎಂದೆನಲ್ಲ, ಅವತ್ತು ಅವಳು ಬಂದು ಬೆನ್ನ ಮೇಲೆ ಗುದ್ದಿ, "ಗಂಡ ಹೋದ, ಅವ್ನ ಕಿವುಡು ಇಲ್ಲೇ ಬಿಟ್ಟು ಹೋದ" ಎಂದಳು. ಆಗ ನನಗೆ ನೀವು ಉಗ್ರಾಣದಲ್ಲಿ ಕೂತಿದ್ದ ಭಂಗಿ ಕಣ್ಣಿಗೆ ಬಂತು. ಗಾಡಿ ಎತ್ತ ಹೋಯಿತು ಎಂಬುದು ನಿಮಗೆ ಯಾಕೆ ತಿಳಿಯಲಿಲ್ಲ ಎಂದು ಅರ್ಥವಾಯಿತು.

ಬಿಟ್ಟ ಪೊರೆಯನ್ನು ಈ ಕಾಗದದೊಳಗೆ ಮಡಿಸಿ ಇಟ್ಟಿದ್ದೇನೆ, ಮೆಲ್ಲಗೆ ಬಿಚ್ಚಿ. ಎಂಟೂ ಕಾಲಿನ ತೊಡುಗೆ ಅದರಲ್ಲಿದೆ. ಅಳೆದರೆ ಎಡದ ಮೂರನೆಯದು ಬಲದ ಮೂರನೆಯದರಷ್ಟೇ ಉದ್ದ. ಹುರಿಯಿಂದ ಎರಡು ಸಲ ಅಳೆದಿದ್ದೇನೆ.

ಒಂದು ಯೋಚನೆ ಬಿಡುತ್ತಿಲ್ಲ. ಪೊರೆ ಬಿಟ್ಟಾಗ ಹೋದ ಕಾಲು ಬರುವುದುಂಟು ಎಂದು ನಿಮ್ಮ ದೊರೆ ಹೇಳಿದ್ದಾರೆ. ಹಾಗಿದ್ದರೆ ನಿಮ್ಮ ಆ ಏಳು ಕಾಲಿನದು ಎಲ್ಲಾದರೂ ಬದುಕಿದ್ದರೆ, ಅದಕ್ಕೆ ಈಗ ಎಂಟನೆಯದು ಬಂದಿರಬಹುದು, ಗಿಡ್ಡವಾಗಿ, ತಿಳಿ ಬಣ್ಣದ್ದು. ನಾನು ಬರೆದದ್ದೆಲ್ಲ ಎಲ್ಲೋ ಒಂದು ಗೋಡೆಯ ಮೇಲೆ ನಿಜವಾಗಿರಬಹುದು. ಹೀಗೆಂದುಕೊಂಡು ಸುಮ್ಮನಿದ್ದುಬಿಡೋಣ ಎಂದು ಭಾನುವಾರ ಪೂರ್ತಿ ಮನಸ್ಸು ಎಳೆಯಿತು. ಆದರೆ ನಾನು ಅದನ್ನು ನೋಡಿಲ್ಲ. ನೋಡದೆ ಬರೆದೆ. ನೀವು ಯಾವತ್ತೂ ಹಾಗೆ ಬರೆದವರಲ್ಲ.

ಬುಧವಾರ

ಇದುವರೆಗೆ ಬರೆದದ್ದನ್ನೆಲ್ಲ ಓದಿದೆ. ಮೊದಲ ಹಾಳೆಯಲ್ಲಿ ಇನ್ನೊಂದು ಸುಳ್ಳು ಉಳಿದಿದೆ. ನಿಮ್ಮದು ಓಡಿಹೋಯಿತು ಎಂದು ಬರೆದಿದ್ದೇನೆ. ಓಡಿಹೋಗಲಿಲ್ಲ. ನಾನು ಬಿಟ್ಟೆ.

ನೀವು ಹೋದ ಮೂರನೆಯ ದಿನ. ಹನ್ನೊಂದು ಸಾಲಿನ ಚೀಟಿಯನ್ನು ಎಷ್ಟನೆಯ ಸಲವೋ ಓದಿದೆ. ಹಿಂದೆ ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಜೇಡಕ್ಕೆ ಹನ್ನೊಂದು ಸಾಲು ಬರೆದವರು ನನಗೆ ಒಂದೂ ಬರೆದಿರಲಿಲ್ಲ. 'ಹೋಗಿ ಬರುತ್ತೇನೆ', 'ನೀನು ನಗಬಾರದಿತ್ತು', ಏನಾದರೂ. ಜಾಡಿಯನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಇಟ್ಟು ಬಟ್ಟೆಯ ದಾರ ಬಿಚ್ಚಿದೆ. ಅದು ತಕ್ಷಣ ಹೋಗಲಿಲ್ಲ. ಜಾಡಿಯ ಬಾಯಿಗೆ ಬಂದು ಅಂಚಿನ ಮೇಲೆ ಕೂತಿತು. ನಾನು ಕೈಯಿಂದ ತಟ್ಟಿದೆ. ಆಗ ಇಳಿದು, ಕುಂಟುತ್ತಾ ಅಲ್ಲ, ಏಳು ಕಾಲಿನಲ್ಲೂ ಬಹಳ ವೇಗವಾಗಿ, ಸೌದೆ ಒಟ್ಟಿದ ಕಡೆ ಹೋಯಿತು. ಇಷ್ಟರಿಂದ ನನಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಸಂಜೆಯೊಳಗೆ ಸೌದೆಯನ್ನೆಲ್ಲ ಒಂದೊಂದಾಗಿ ಎತ್ತಿ ಹುಡುಕಿದೆ. ಏಳು ದಿನ ಹುಡುಕಿದೆ. ಅವ್ವನಿಗೆ ಚೇಳು ಕಂಡೆ ಎಂದು ಹೇಳಿದ್ದೆ.

ಇದನ್ನು ಹೇಳದೆಯೂ ಇರಬಹುದಿತ್ತು. ಓಡಿಹೋಯಿತು ಎಂದರೆ ನೀವು ನಂಬುತ್ತಿದ್ದಿರಿ, ಅಂಥವು ಓಡುತ್ತವೆ. ದೊರೆಗೂ ಅದೇ ಸಾಕಿತ್ತು. ಆದರೆ ಇದು ದೊರೆಗಲ್ಲ. ನೀವು ನನ್ನನ್ನು ಬಿಟ್ಟು ಹೋದದ್ದಕ್ಕೆ ನಾನು ಅದನ್ನು ಬಿಟ್ಟೆ. ಅಂದು ನಿಮಗೆ ತಾಕುವಂಥದ್ದು ನನ್ನ ಕೈಯಲ್ಲಿ ಅದೊಂದೇ ಇತ್ತು.

ದೊರೆ ಸಿಟ್ಟಾದರೆ ಹೇಳಿ: ಹೆಂಡತಿ ನೋಡದೆ ಬರೆದಳು, ನಾನು ನಂಬಿದೆ. ನಂಬಿದ್ದು ತಪ್ಪಲ್ಲ ಎಂದು ಅವರಿಗೆ ತಿಳಿಯುತ್ತದೆ. ಹೆಂಡತಿಯ ಮಾತನ್ನು ದೊರೆಯವರೂ ನಂಬುತ್ತಾರಲ್ಲ. ಪಂಚಾಂಗ ನನ್ನ ಹತ್ತಿರವಿದೆ, ಅವರಿಗೆ ತೋರಿಸುವುದಾದರೆ ತೋರಿಸಿ. ಅದರಲ್ಲಿ ನಿಮ್ಮ ಮೂರು ತಿಂಗಳು, ನನ್ನ ನಾಲ್ಕು ತಿಂಗಳು ಇವೆ. ಕಾಲು ಬಂದ ಸಂಗತಿ ಅಲ್ಲೆಲ್ಲೂ ಇಲ್ಲ. ಅಲ್ಲಿ ಸುಳ್ಳು ಬರೆಯಲು ನನಗೆ ಕೈ ಬರಲಿಲ್ಲ, ನಿಮ್ಮ ಅಕ್ಷರದ ಕೆಳಗೆ.

ಜೇಡವನ್ನು ಏನು ಮಾಡಲಿ ಎಂದು ಕೇಳುವುದಿಲ್ಲ. ಅದು ನನ್ನದು, ನಾನು ಸಾಕುತ್ತೇನೆ. ನಿಮ್ಮನ್ನು ಕೇಳುವುದು ಬೇರೆ. ಜೇಡ ಇಲ್ಲದಿದ್ದರೂ ನೀವು ನನಗೆ ಕಾಗದ ಬರೆಯುತ್ತಿದ್ದಿರಾ? ಈ ಪ್ರಶ್ನೆ ಐದು ತಿಂಗಳಿಂದ ನನ್ನನ್ನು ಒಂದು ಕಡೆ ನಿಲ್ಲಲು ಬಿಟ್ಟಿಲ್ಲ. ಇಲ್ಲ ಎಂದಾದರೆ ಇಲ್ಲ ಎನ್ನಿ. ಅವತ್ತಿನ ನಗುವಿಗೆ ನಾನು ತಪ್ಪಾಯಿತು ಎನ್ನುತ್ತೇನೆ. ನೀವು ಹೇಳದೆ ಹೋದದ್ದಕ್ಕೆ ಏನೆನ್ನುತ್ತೀರೋ, ಅದನ್ನೂ ಕೇಳಬೇಕು.

ಹೇಳುವುದನ್ನೆಲ್ಲ ಹೇಳಿ ಕೈ ಬರಿದಾದ,
ನಿಮ್ಮ
ಕೊಟ್ರಮ್ಮ

ಕಡೆಗೊಂದು ಮಾತು, ಗುರುವಾರ: ನಮ್ಮ ಗಾಡಿ ಹೊಡೆಯುವ ಕೆಂಚಣ್ಣ ಈ ಕಾಗದವನ್ನು ಹೊಳಲ್ಕೆರೆಯಿಂದ ಹೊತ್ತು ತಂದನೆಂದು ತಿಳಿಯಬೇಡಿ. ಅವನು ನಡೆದು ತಂದದ್ದು ನಿಮ್ಮ ಕಾಮಗಾರಿ ಬಜಾರಿನ ಹಿಂದಿನ ಬೇವಿನ ಮರದಿಂದ. ಮಂಗಳವಾರದ ಸಾಲುಗಳನ್ನು ದುರ್ಗದ ದಾರಿಯಲ್ಲಿ ಗಾಡಿಯೊಳಗೆ ಕೂತು ಬರೆದೆ, ಬುಧವಾರದ್ದನ್ನು ಐಮಂಗಲದಲ್ಲಿ ಎತ್ತು ನೀರು ಕುಡಿಯುವಾಗ. ಅಪ್ಪನೇ ಗಾಡಿಗೆ ಹುಲ್ಲು ಹಾಸಿಸಿ, ಬೋರಕ್ಕನನ್ನು ಜೊತೆ ಮಾಡಿ, "ಹೋಗವ್ವ, ಬರ್ದಿದ್ದು ಸಾಕು" ಎಂದರು. ಎತ್ತುಗಳು ದಣಿವಾರಿಸಿಕೊಳ್ಳುವವರೆಗೆ ಮಾತ್ರ ಕಾಯುತ್ತೇನೆ ಎಂದು ಇಲ್ಲಿ ಬರೆದಿದ್ದೆ. ಹೊಡೆದುಹಾಕಿದ್ದೇನೆ, ಅದು ಸುಳ್ಳು. ನೀವು ಬರುವವರೆಗೂ ಈ ಮರದ ಕೆಳಗೇ ಇರುತ್ತೇನೆ. ಉತ್ತರ ಬರೆಯಬೇಡಿ.